ಭತ್ತಕ್ಕೆ ಕೋಪ ಬಂದದ್ದು ಯಾವಾಗ?



ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನಮ್ಮಲ್ಲಿ ಬಹುತೇಕರು ಶಾಲೆಯ ದಿನಗಳಲ್ಲಿ ಕೇಳಿ ಅಲ್ಲಿಗೇ ಬಿಟ್ಟಿದ್ದೇವೆ. ಭತ್ತಕ್ಕೂ ರಾಗಿಗೂ ಜಗಳವಾಯಿತು, ರಾಮ ಎರಡನ್ನೂ ಸೆರೆಯಲ್ಲಿಟ್ಟ, ರಾಗಿ ಗೆದ್ದಿತು ಎಂಬಷ್ಟು ನೆನಪಿರುತ್ತದೆ. ಆ ಕಾವ್ಯ ಬರೆದವರು ಹುಟ್ಟಿದ್ದು ಶಿಗ್ಗಾವಿ ತಾಲ್ಲೂಕಿನ ಬಾಡ ಗ್ರಾಮದಲ್ಲಿ. ಸಂತರಾಗುವ ಮುನ್ನ ದಂಡನಾಯಕರಾಗಿದ್ದುದು ಅದೇ ತಾಲ್ಲೂಕಿನ ಬಂಕಾಪುರದ ಸೀಮೆಯಲ್ಲಿ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಈ ಪತ್ರಿಕೆಯನ್ನು ಓದುವ ಕುಟುಂಬಗಳಿಗೆ ಅವರು ನೆರೆಯವರೇ ಸರಿ. ಜನಾಂಗೀಯ ಪೂರ್ವಗ್ರಹ ಎಲ್ಲಿಂದ ಹುಟ್ಟುತ್ತದೆ, ಹೇಗೆ ಬೇರೂರುತ್ತದೆ ಎಂಬ ಪ್ರಶ್ನೆಯನ್ನು ಈ ತಿಂಗಳು ಅವರ ಕಾವ್ಯದ ಮುಂದಿಟ್ಟು ನೋಡೋಣವೆಂದು ಬಯಸುತ್ತೇನೆ. ಈ ವಿಷಯದ ಮೇಲೆ ಪಾಶ್ಚಾತ್ಯ ವಿದ್ವಾಂಸರು ಬರೆದಿರುವ ಗ್ರಂಥಗಳಿಗೆ ಕೊರತೆಯಿಲ್ಲ. ಆದರೂ ಹದಿನಾರನೆಯ ಶತಮಾನದ ಈ ಚಿಕ್ಕ ಕಾವ್ಯವು ದೊಡ್ಡ ಗ್ರಂಥಗಳು ಬಹಳ ತಡವಾಗಿ ಕಂಡುಕೊಂಡ ಒಂದು ಸಂಗತಿಯನ್ನು ಮೊದಲೇ ಕಂಡಿದೆ ಎಂಬುದು ನನ್ನ ಅಭಿಪ್ರಾಯ. ಅದು ಕಾಣದೆ ಹೋದದ್ದೂ ಒಂದಿದೆ. ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು.

ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ರಾವಣನ ವಧೆಯ ನಂತರ ಅಯೋಧ್ಯೆಗೆ ಮರಳುತ್ತಿರುವ ರಾಮನಿಗೆ ದಾರಿಯಲ್ಲಿ ಮುನಿಗಳು ಆತಿಥ್ಯ ನೀಡುತ್ತಾರೆ. ಬಗೆಬಗೆಯ ಧಾನ್ಯಗಳಿಂದ ಮಾಡಿದ ಭಕ್ಷ್ಯಗಳು ಮುಂದೆ ಬರುತ್ತವೆ. ಈ ಧಾನ್ಯಗಳಲ್ಲಿ ಶ್ರೇಷ್ಠವಾದುದು ಯಾವುದು ಎಂಬ ಪ್ರಶ್ನೆ ಸಭೆಯಲ್ಲಿ ಏಳುತ್ತದೆ. ಒಬ್ಬೊಬ್ಬರು ಒಂದೊಂದರ ಹೆಸರು ಹೇಳುತ್ತಿರುವಾಗ ಗೌತಮ ಮುನಿಯು ನರೆದಲೆಗನನ್ನು, ಅಂದರೆ ರಾಗಿಯನ್ನು, ಎತ್ತಿ ಹಿಡಿಯುತ್ತಾನೆ. ಅದನ್ನು ಕೇಳಿ ವ್ರಿಹಿ, ಅಂದರೆ ಭತ್ತ, ಸಿಡಿದೇಳುತ್ತದೆ. ರಾಗಿ ಶೂದ್ರರ ಊಟ, ತಾನಾದರೋ ದೇವರ ಪೂಜೆಗೆ, ಮದುವೆಯ ಅಕ್ಷತೆಗೆ, ಉತ್ತಮರ ಭೋಜನಕ್ಕೆ ಸಲ್ಲುವ ಧಾನ್ಯ ಎಂಬುದು ಅದರ ವಾದ. ರಾಗಿ ಸುಮ್ಮನಿರುವುದಿಲ್ಲ. ಉಳ್ಳವರ ಬೆನ್ನು ಹಿಡಿದು ಬಡವರನ್ನು ಕಡೆಗಣಿಸುವುದು ಭತ್ತದ ಗುಣವೆಂದೂ, ಮಳೆ ಕೈಕೊಟ್ಟ ವರ್ಷ ಜನರನ್ನು ಬದುಕಿಸುವವನು ತಾನೆಂದೂ, ಸತ್ತವರ ಬಾಯಿಗೆ ಹಾಕುವ ಅಕ್ಕಿಗೆ ಇಷ್ಟು ಗರ್ವವೇಕೆಂದೂ ತಿರುಗಿ ಬೀಳುತ್ತದೆ. ರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಲು ಅಪ್ಪಣೆ ಮಾಡುತ್ತಾನೆ. ಅವಧಿ ತೀರಿದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿಯೇ ಇದೆ. ರಾಮನು ರಾಗಿಯನ್ನು ಮನ್ನಿಸಿ ತನ್ನ ‘ರಾಘವ’ ಎಂಬ ಹೆಸರನ್ನೇ ಅದಕ್ಕೆ ದಯಪಾಲಿಸುತ್ತಾನೆ.

ಕಾವ್ಯದ ಜೀವಾಳ ಇರುವುದು ಈ ಜಗಳದಲ್ಲಿ. ಉಳಿದ ಭಾಗ ಬಹುಮಟ್ಟಿಗೆ ಪುರಾಣಕಾವ್ಯಗಳ ವಾಡಿಕೆಯ ವರ್ಣನೆ. ಇಬ್ಬರು ಎದುರುಬದುರು ನಿಂತು ಮಾತಿಗೆ ಮಾತು ಬೆಳೆಸುವಾಗ ಮಾತ್ರ ಭಾಮಿನಿ ಷಟ್ಪದಿಗೆ ಸಂತೆಯ ಜಗಳದ ಬಿಸಿ ಬರುತ್ತದೆ. ಕನಕದಾಸರು ಇಂಥ ಮಾತನ್ನು ಕಿವಿಯಾರೆ ಕೇಳಿದವರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಈಗ ಒಂದು ಪ್ರಶ್ನೆ. ಭತ್ತಕ್ಕೆ ಕೋಪ ಬಂದದ್ದು ಯಾವಾಗ? ರಾಗಿ ಕಪ್ಪಗಿದೆಯೆಂದು ಅಂದೇ ಮೊದಲ ಬಾರಿ ಕಂಡಿತೇ? ಇಲ್ಲ. ರಾಗಿ ಎಂದಿನಿಂದಲೂ ಕಪ್ಪಾಗಿಯೇ ಇತ್ತು, ಬಡವರ ಗಡಿಗೆಯಲ್ಲೇ ಇತ್ತು. ಅಲ್ಲಿರುವವರೆಗೆ ಭತ್ತಕ್ಕೆ ಅದರ ಮೇಲೆ ಯಾವ ದ್ವೇಷವೂ ಇರಲಿಲ್ಲ. ಬಹುಶಃ ಕರುಣೆಯೂ ಇದ್ದೀತು. ತುಂಬಿದ ಸಭೆಯಲ್ಲಿ, ಅರಸನ ಮುಂದೆ, ಗೌರವಾನ್ವಿತನಾದ ಮುನಿಯೊಬ್ಬನು ರಾಗಿಯನ್ನು ಹೊಗಳಿದ ಕ್ಷಣದಲ್ಲಿ ಬಣ್ಣ ನೆನಪಾಯಿತು, ಕುಲ ನೆನಪಾಯಿತು. ಪೂರ್ವಗ್ರಹವು ಅಜ್ಞಾನದಿಂದ ಹುಟ್ಟುತ್ತದೆ, ಅಪರಿಚಿತರ ಭಯದಿಂದ ಹುಟ್ಟುತ್ತದೆ ಎಂದು ನಾವು ಹೇಳುತ್ತಾ ಬಂದಿದ್ದೇವೆ. ಪ್ರವಚನಗಳಲ್ಲೂ ಹಾಗೆಯೇ ಹೇಳುತ್ತೇವೆ. ಕನಕದಾಸರ ಉತ್ತರ ಬೇರೆ. ಭತ್ತಕ್ಕೆ ರಾಗಿ ಅಪರಿಚಿತವಲ್ಲ. ಒಂದೇ ನಾಡಿನ ಮಣ್ಣಲ್ಲಿ ಬೆಳೆದವು ಅವು. ಕಾಪಾಡಿಕೊಳ್ಳಬೇಕಾದ ಒಂದು ಪೀಠ ಮೊದಲು ಇರುತ್ತದೆ. ಆ ಪೀಠ ಅಲುಗಿದಾಗ, ಅದು ನನಗೇ ಏಕೆ ಸಲ್ಲಬೇಕು ಎಂಬುದಕ್ಕೆ ಕಾರಣ ಬೇಕಾಗುತ್ತದೆ. ಆ ಕಾರಣದ ಹೆಸರೇ ಬಣ್ಣ, ಕುಲ, ಜನಾಂಗ.

ಪವಿತ್ರ ಬೈಬಲಿನಲ್ಲೂ ಇಂಥದೇ ಒಂದು ಪ್ರಸಂಗವಿದೆ. ಅದರ ಮೇಲೆ ನಾವು ಪ್ರಸಂಗ ಮಾಡುವುದು ವಿರಳ. ಸಂಖ್ಯಾಕಾಂಡದ 12ನೆಯ ಅಧ್ಯಾಯದಲ್ಲಿ ಮಿರ್ಯಾಮಳು ಮತ್ತು ಆರೋನನು ಮೋಶೆಯ ವಿರುದ್ಧ ಮಾತನಾಡತೊಡಗುತ್ತಾರೆ. ಅವನು ಕೂಷ್ ನಾಡಿನ ಹೆಣ್ಣನ್ನು ಮದುವೆಯಾಗಿದ್ದಾನೆ ಎಂಬುದು ಆಕ್ಷೇಪಣೆ. ಕೂಷ್ ಎಂದರೆ ಈಜಿಪ್ಟಿನ ದಕ್ಷಿಣಕ್ಕಿರುವ, ಕಪ್ಪು ಜನರ ನಾಡು. ಆದರೆ ಮುಂದಿನ ವಾಕ್ಯದಲ್ಲೇ ನಿಜವಾದ ನೋವು ಹೊರಬೀಳುತ್ತದೆ: ದೇವರು ಮಾತನಾಡುವುದು ಮೋಶೆಯೊಬ್ಬನ ಮೂಲಕವೇ ಏನು, ನಾವೇನು ಕಡಿಮೆ ಎಂಬುದು ಅವರ ಪ್ರಶ್ನೆ. ಆ ಸ್ತ್ರೀಯ ಹೆಸರನ್ನೂ ಶ್ರೀಗ್ರಂಥ ಇಲ್ಲಿ ಹೇಳುವುದಿಲ್ಲ, ಅವಳ ಮಾತೂ ಇಲ್ಲ. ಜಗಳ ಅವಳ ಬಗ್ಗೆ ಆಗಿರಲೇ ಇಲ್ಲ. ಮಿರ್ಯಾಮಳಿಗೆ ಬಂದ ಶಿಕ್ಷೆಯಾದರೂ ಎಂಥದು? ಚರ್ಮವೆಲ್ಲ ಹಿಮದಂತೆ ಬೆಳ್ಳಗಾಗುವ ಕುಷ್ಠ. ಗುರುಮಠದಲ್ಲಿ ಈ ಅಧ್ಯಾಯ ಓದುವಾಗ ಆ ವ್ಯಂಗ್ಯ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಮೋಶೆಯ ದೀನತೆಯ ಮೇಲೆಯೇ ಪಾಠ ಮುಗಿಯುತ್ತಿತ್ತು.

ಭತ್ತರಾಗಿಯ ಕಥೆ ಜಾತಿಯ ಕಥೆಯಲ್ಲವೇ, ಅದಕ್ಕೂ ಜನಾಂಗಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ವಿಶ್ವಸಂಸ್ಥೆಯು ಜನಾಂಗಭೇದದ ವಿರುದ್ಧ ಸಮ್ಮೇಳನ ನಡೆಸಿದಾಗ ಇದೇ ಪ್ರಶ್ನೆ ದೊಡ್ಡ ವಿವಾದವಾಯಿತು. ದಲಿತ ಸಂಘಟನೆಗಳು ಜಾತಿಯನ್ನೂ ಚರ್ಚೆಗೆ ಸೇರಿಸಬೇಕೆಂದವು. ಜಾತಿ ಎಂದರೆ ಜನಾಂಗವಲ್ಲ ಎಂದು ಭಾರತ ಸರಕಾರ ವಿರೋಧಿಸಿತು. ಶಾಸ್ತ್ರದ ದೃಷ್ಟಿಯಿಂದ ಎರಡೂ ಒಂದೇ ಅಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇಲ್ಲಿ ನಮಗೆ ಬೇಕಾಗಿರುವುದು ಬೇರಿನ ವಿಚಾರ. ಹುಟ್ಟಿನಿಂದ ಬಂದ ಒಂದು ಗುರುತನ್ನು ಹಿಡಿದು ಮನುಷ್ಯನ ಬೆಲೆ ಕಟ್ಟುವ ಕೆಲಸ ಎರಡರಲ್ಲೂ ಒಂದೇ ರೀತಿ ನಡೆಯುತ್ತದೆ. ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ. ನಮ್ಮ ಜನರ ಮೂಗಿನ ಉದ್ದ ಅಗಲಗಳನ್ನು ಅಳೆಯಿಸಿ, ಮೂಗಿನ ಆಕಾರಕ್ಕೂ ಜಾತಿಯ ಅಂತಸ್ತಿಗೂ ಸಂಬಂಧವಿದೆಯೆಂದು ಸಾಧಿಸಲು ಹೊರಟ. 1901ರ ಜನಗಣತಿಯಲ್ಲಿ ಯಾವ ಜಾತಿ ಮೇಲು, ಯಾವುದು ಅದರ ಕೆಳಗೆ ಎಂಬ ಕ್ರಮವನ್ನು ಸರಕಾರವೇ ಬರೆದಿಡಲು ತೊಡಗಿತು. ಅದರ ಫಲವೇನೆಂದರೆ ತಮ್ಮನ್ನು ಇನ್ನೊಂದು ಮೆಟ್ಟಿಲು ಮೇಲೆ ಬರೆಯಿರಿ ಎಂಬ ಮನವಿಗಳು ದೇಶದ ಮೂಲೆಮೂಲೆಗಳಿಂದ ಬಂದವು.

ಇಲ್ಲಿ ಮತ್ತೆ ಕಾವ್ಯಕ್ಕೆ ಬನ್ನಿ. ಹೊಲಗದ್ದೆಯಲ್ಲಿ ಭತ್ತರಾಗಿಗಳು ಜಗಳವಾಡಲಿಲ್ಲ. ಅರಸನ ಸಭೆಯಲ್ಲಿ ಶ್ರೇಷ್ಠರು ಯಾರು ಎಂಬ ಪ್ರಶ್ನೆ ಬಂದ ಮೇಲೆಯೇ ಜಗಳ ಹುಟ್ಟಿತು. ಯೇಸುಸ್ವಾಮಿಯ ಕಡೆಯ ಭೋಜನದ ಪಂಕ್ತಿಯಲ್ಲೇ ಶಿಷ್ಯರು ಇದೇ ಪ್ರಶ್ನೆಯನ್ನು ಹಿಡಿದು ಕಚ್ಚಾಡಿದರೆಂದು ಸಂತ ಲೂಕನು ಬರೆದಿದ್ದಾನೆ. ಪ್ರಶ್ನೆ ಎಷ್ಟು ಕ್ಷುಲ್ಲಕವಾಗಿದ್ದರೂ ಸಾಕು ಎಂಬುದನ್ನು 1970ರ ಹೊತ್ತಿಗೆ ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ ಇಂಗ್ಲೆಂಡಿನ ಶಾಲಾಬಾಲಕರ ಮೇಲೆ ಪ್ರಯೋಗ ಮಾಡಿ ತೋರಿಸಿದ. ಯಾವ ಚಿತ್ರಕಾರನ ಚಿತ್ರ ಮೆಚ್ಚಿದಿರಿ ಎಂಬ ನೆಪದಿಂದ ಹುಡುಗರನ್ನು ಎರಡು ಗುಂಪು ಮಾಡಿದರು. ತಮ್ಮ ಗುಂಪಿನಲ್ಲಿ ಯಾರಿದ್ದಾರೆಂಬುದೂ ತಿಳಿಯದ ಆ ಹುಡುಗರು ಹಣ ಹಂಚುವಾಗ ತಮ್ಮವರಿಗೇ ಹೆಚ್ಚು ಕೊಟ್ಟರು. ತಾಜ್‌ಫೆಲ್ ಪೋಲೆಂಡಿನ ಯೆಹೂದ್ಯ. ಯುದ್ಧ ಮುಗಿದು ಮರಳಿದಾಗ ಅವನ ಮನೆಯವರು ಉಳಿದಿರಲಿಲ್ಲ.

ಭತ್ತದ ವಾದದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ತನ್ನ ರುಚಿಯನ್ನಾಗಲಿ ಸತ್ವವನ್ನಾಗಲಿ ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ತನ್ನನ್ನು ಯಾರು ಉಣ್ಣುತ್ತಾರೆ, ಎಲ್ಲೆಲ್ಲಿ ಬಡಿಸುತ್ತಾರೆ ಎಂಬುದೇ ಅದರ ಹಿರಿಮೆ. ರಾಗಿ ಕೀಳು, ಏಕೆಂದರೆ ಉಣ್ಣುವವರು ಕೀಳು. ಆ ಜನರು ಏಕೆ ಕೀಳು? ಹೊಲದಲ್ಲಿ ದುಡಿಯುತ್ತಾರೆ, ರಾಗಿ ಉಣ್ಣುತ್ತಾರೆ. ವಾದ ಗಾಣದೆತ್ತಿನಂತೆ ಸುತ್ತುತ್ತದೆ. (ಹಾನಗಲ್ಲಿನ ಭತ್ತದ ಗದ್ದೆಯವರು ನನ್ನ ಮೇಲೆ ಮುನಿಸಿಕೊಳ್ಳಬಾರದು. ನಮ್ಮ ಕಡೆ ರಾಗಿಗಿಂತ ಜೋಳದ ರೊಟ್ಟಿಯೇ ದಿನದ ಊಟ. ಅನ್ನವೆಂದರೆ ಹಬ್ಬ ಎನ್ನುತ್ತಿದ್ದ ಅಜ್ಜಿಯರು ಸವಣೂರಿನ ಎರೆನೆಲದ ಮನೆಗಳಲ್ಲಿ ಇನ್ನೂ ಸಿಕ್ಕಾರು.) ದುಡಿಮೆ ಯಾರ ಪಾಲಿಗೆ, ಫಲ ಯಾರ ಪಾಲಿಗೆ ಎಂಬುದು ಮೊದಲು ನಿಶ್ಚಯವಾಗುತ್ತದೆ, ತಿರಸ್ಕಾರ ಅದರ ಹಿಂದೆ ನಡೆದುಬರುತ್ತದೆ. ವೆಸ್ಟ್ ಇಂಡೀಸಿನ ಟ್ರಿನಿಡಾಡಿನ ಇತಿಹಾಸಕಾರ ಎರಿಕ್ ವಿಲಿಯಮ್ಸ್ ಗುಲಾಮಗಿರಿಯ ಬಗ್ಗೆ 1944ರಲ್ಲಿ ಬರೆದ ಗ್ರಂಥದ ತಿರುಳೂ ಇದೇ. ಕಪ್ಪು ಜನರನ್ನು ದ್ವೇಷಿಸುತ್ತಿದ್ದುದರಿಂದ ಅವರನ್ನು ಗುಲಾಮರನ್ನಾಗಿ ಮಾಡಲಿಲ್ಲ; ಕಬ್ಬಿನ ತೋಟಕ್ಕೆ ಅಗ್ಗದ ಆಳು ಬೇಕಾಗಿದ್ದರಿಂದ ಮಾಡಿದರು, ದ್ವೇಷ ಆಮೇಲೆ ಬೆಳೆಯಿತು ಎಂದು ಆತ ವಾದಿಸಿದ.

ಆ ವ್ಯಾಪಾರದ ಕುರುಹು ನಮ್ಮಿಂದ ದೂರವಿಲ್ಲ. ಹಾನಗಲ್ಲಿನಿಂದಾಗಲಿ ಶಿಗ್ಗಾವಿಯಿಂದಾಗಲಿ ಪಶ್ಚಿಮಕ್ಕೆ ಹೋದರೆ ಮುಂಡಗೋಡ. ಅದರಾಚೆ ಯಲ್ಲಾಪುರ, ಹಳಿಯಾಳದ ಕಾಡು. ಅಲ್ಲಿ ಸಿದ್ದಿಗಳಿದ್ದಾರೆ. ಇವರ ಪೂರ್ವಜರಲ್ಲಿ ಅನೇಕರನ್ನು ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ಗೋವಕ್ಕೆ ತಂದು ಮಾರಿದವರು ಪೋರ್ಚುಗೀಸರು, ಎಂದರೆ ಭಾನುವಾರ ಬಲಿಪೂಜೆಗೆ ಹೋಗುತ್ತಿದ್ದ ಕ್ರೈಸ್ತರು. ತಪ್ಪಿಸಿಕೊಂಡವರಿಗೆ ಘಟ್ಟದ ಕಾಡು ಆಶ್ರಯವಾಯಿತು. ಇಂದು ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕಥೋಲಿಕರು ಮೂವರೂ ಇದ್ದಾರೆ. ಕನ್ನಡ, ಕೊಂಕಣಿ ಮಾತನಾಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಆ ಸಮುದಾಯದಿಂದ ರಾಜ್ಯದ ಶಾಸನಸಭೆಗೆ ಹೋದವರಲ್ಲಿ ಅವರೇ ಮೊದಲಿಗರು. ಇಷ್ಟಾದರೂ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಸಿದ್ದಿ ತರುಣನನ್ನು ಯಾವ ದೇಶದವನೆಂದು ಕೇಳುವವರು, ಗುಂಗುರು ಕೂದಲನ್ನು ಮುಟ್ಟಿ ನೋಡುವವರು ಇದ್ದೇ ಇದ್ದಾರೆ. ನಾಲ್ಕು ತಲೆಮಾರು ಹಿಂದೆ ನಮ್ಮ ನಿಮ್ಮ ಹಿರಿಯರು ಎಲ್ಲಿದ್ದರೆಂದು ಯಾರೂ ಕೇಳುವುದಿಲ್ಲ.

ಧರ್ಮಸಭೆಯ ಪಾತ್ರವನ್ನು ಇಲ್ಲಿ ಬದಿಗಿಡಲಾಗದು. 1455ರಲ್ಲಿ ಜಗದ್ಗುರು ಐದನೆಯ ನಿಕೋಲಸರ ಆಜ್ಞಾಪತ್ರವೊಂದು ಪೋರ್ಚುಗಲ್ಲಿನ ಅರಸನ ಈ ಸಾಹಸಗಳಿಗೆ ಮಾನ್ಯತೆ ನೀಡಿತು. 1537ರಲ್ಲಿ ಮೂರನೆಯ ಪೌಲರು ಅಮೆರಿಕದ ಮೂಲನಿವಾಸಿಗಳನ್ನು ಗುಲಾಮರಾಗಿಸಕೂಡದೆಂದು ಬರೆದರು. 1839ರಲ್ಲಿ ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದರು. ನಾಡುಗಳನ್ನು ‘ಕಂಡುಹಿಡಿದವರಿಗೆ’ ಅವುಗಳ ಮೇಲೆ ಹಕ್ಕು ಕೊಡುತ್ತಿದ್ದ ವಾದವನ್ನು ವ್ಯಾಟಿಕನ್ ಬಹಿರಂಗವಾಗಿ ತಳ್ಳಿಹಾಕಿದ್ದು 2023ರಲ್ಲಿ. ನಡುವಿನ ಶತಮಾನಗಳಲ್ಲಿ ಆದಿಕಾಂಡದ 9ನೆಯ ಅಧ್ಯಾಯವನ್ನು ತಿರುಚಿ, ಕಪ್ಪು ಜನರು ಹಾಮನ ಸಂತತಿಯೆಂದೂ ನೋಹನ ಶಾಪದಿಂದ ಗುಲಾಮರಾದರೆಂದೂ ಬೋಧಿಸಿದ ಪಂಡಿತರಿದ್ದರು. ಆ ಅಧ್ಯಾಯವನ್ನು ನೀವೇ ಓದಿ ನೋಡಿ. ಶಾಪ ಬಿದ್ದದ್ದು ಹಾಮನ ಮೇಲಲ್ಲ, ಅವನ ಮಗ ಕಾನಾನನ ಮೇಲೆ. ಬಣ್ಣದ ಸುದ್ದಿ ಅಲ್ಲಿ ಎಲ್ಲೂ ಇಲ್ಲ. ಹಡಗುಗಳು ಹೊರಟ ಮೇಲೆ ಅವುಗಳಿಗೆ ತಕ್ಕ ವ್ಯಾಖ್ಯಾನ ಬಲವಾಗಿ ಬೆಳೆಯಿತು. ನಮ್ಮ ದೇಶದ ಮಟ್ಟಿಗೂ ಹೆಮ್ಮೆಪಡುವಂತಿಲ್ಲ. ತಿರುಚ್ಚಿಯ ಮೇಲಪುದೂರಿನ ಕಥೋಲಿಕ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸಿ ಕಟ್ಟಿದ ಗೋಡೆ ದಶಕಗಳ ಕಾಲ ವಿವಾದವಾಗಿತ್ತು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಧರ್ಮಸಭೆಯೊಳಗಿನ ಅಸ್ಪೃಶ್ಯತೆಯನ್ನು ಒಪ್ಪಿಕೊಂಡು ನೀತಿಪತ್ರವನ್ನೇ ಹೊರಡಿಸಬೇಕಾಯಿತು.

ಪೀಠ ಅಲುಗಿದಾಗ ತಿರಸ್ಕಾರ ಎಚ್ಚರಗೊಳ್ಳುತ್ತದೆ ಎಂದೆ. ನೆಲಕ್ಕೆ ಬೆಲೆ ಬಂದಾಗಲೂ ಹಾಗೆಯೇ. 2010ರ ಜುಲೈ ತಿಂಗಳಲ್ಲಿ ಸವಣೂರಿನಲ್ಲಿ ನಡೆದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. ಊರಿನ ಮಲ ಬಳಿದು ಬದುಕುತ್ತಿದ್ದ ಭಂಗಿ ಸಮುದಾಯದ ಕೆಲವು ಕುಟುಂಬಗಳು ದಶಕಗಳಿಂದ ಒಂದೇ ಜಾಗದಲ್ಲಿ ವಾಸವಾಗಿದ್ದವು. ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟುವ ವಿಚಾರ ಬಂದಾಗ ಜಾಗ ಖಾಲಿ ಮಾಡುವಂತೆ ಒತ್ತಡ ಬಿತ್ತು. ಯಾವ ಮನವಿಗೂ ಕಿವಿ ಸಿಗದಾಗ ಅವರು ಪುರಸಭೆಯ ಕಚೇರಿಯ ಮುಂದೆ ನಿಂತು ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡರು. ನಾಡೆಲ್ಲ ಬೆಚ್ಚಿಬಿದ್ದಿತು. ನನ್ನನ್ನು ಇಂದಿಗೂ ಕಾಡುವುದು ಅದರ ಹಿಂದಿನ ದಶಕಗಳ ನಿಶ್ಶಬ್ದ. ಅಷ್ಟು ಕಾಲ ಊರಿಗೆ ಅವರ ಮೇಲೆ ದ್ವೇಷವಿರಲಿಲ್ಲ. ಅವರು ಕಣ್ಣಿಗೇ ಬಿದ್ದಿರಲಿಲ್ಲ. ಸರ್ವಜ್ಞ ಹುಟ್ಟಿದನೆಂದು ಹೇಳುವ ಹಿರೇಕೆರೂರು ತಾಲ್ಲೂಕಿನ ಅಬಲೂರು, ಶರೀಫಜ್ಜನ ಶಿಶುವಿನಹಾಳ, ಕನಕದಾಸರ ಬಾಡ, ಎಲ್ಲವೂ ಇರುವ ಸೀಮೆಯಲ್ಲಿಯೇ ಇದು ನಡೆಯಿತು. ಪದಗಳನ್ನು ಹಾಡುವುದಕ್ಕೂ ನೆರೆಯವರನ್ನು ನೋಡುವುದಕ್ಕೂ ಅಷ್ಟೊಂದು ಅಂತರ ಇರಲು ಸಾಧ್ಯ.

ಇನ್ನು ಬೇರೂರುವ ವಿಚಾರ. ಅದು ನಡೆಯುವುದು ಸಭೆಯಲ್ಲಲ್ಲ, ಮನೆಯಲ್ಲಿ. ಬೈಗುಳದಿಂದಲ್ಲ, ಪ್ರೀತಿಯ ಮಾತಿನಿಂದ. ಸೊಸೆ ನೋಡಲು ಹೋಗಿ ಬಂದವರು ಅಡುಗೆಮನೆಯಲ್ಲಿ ಹೇಳುವ ಮಾತನ್ನು ನೀವೆಲ್ಲ ಬಲ್ಲಿರಿ: ಹುಡುಗಿ ಸ್ವಲ್ಪ ಕಪ್ಪು, ಆದರೂ ಲಕ್ಷಣವಾಗಿದ್ದಾಳೆ. ಪಕ್ಕದಲ್ಲಿ ಆಡುತ್ತಿರುವ ಆರು ವರ್ಷದ ಮಗುವಿಗೆ ‘ಕಪ್ಪು’ ಎಂಬ ಮಾತಿನಿಂದ ಏನೂ ಆಗುವುದಿಲ್ಲ. ‘ಆದರೂ’ ಎಂಬುದು ಒಳಗಿಳಿಯುತ್ತದೆ. ಪರಮಗೀತೆಯ ಮೊದಲ ಅಧ್ಯಾಯದಲ್ಲಿ ವಧುವು ತಾನು ಕಪ್ಪೆಂದೂ ಚೆಲುವೆಯೆಂದೂ ಜೆರುಸಲೇಮಿನ ಹೆಣ್ಣುಮಕ್ಕಳಿಗೆ ಹೇಳಿಕೊಳ್ಳುತ್ತಾಳೆ. ಈ ಎರಡು ಮಾತುಗಳ ನಡುವೆ ಹೀಬ್ರೂ ಮೂಲದಲ್ಲಿರುವುದು ಒಂದೇ ಒಂದು ಅಕ್ಷರ. ಅದನ್ನು ‘ಮತ್ತು’ ಎಂದೂ ಓದಬಹುದು, ‘ಆದರೆ’ ಎಂದೂ ಓದಬಹುದು. ಹಳೆಯ ಗ್ರೀಕ್ ಅನುವಾದಕರು ‘ಮತ್ತು’ ಎಂದರು. ಲ್ಯಾಟಿನ್ ವುಲ್ಗಾತವು ‘ಆದರೆ’ ಎಂದಿತು, ಪಶ್ಚಿಮದ ಕ್ರೈಸ್ತಲೋಕವೆಲ್ಲ ಅದನ್ನೇ ಹಾಡಿಕೊಂಡು ಬಂದಿತು. ನಿಮ್ಮ ಮನೆಯ ಬೈಬಲಿನಲ್ಲಿ ಏನಿದೆಯೆಂದು ತೆರೆದು ನೋಡಿ. ಮದುವೆಯ ಜಾಹೀರಾತುಗಳನ್ನೂ, ಮುಖ ಬೆಳ್ಳಗಾಗಿಸುವ ಕ್ರೀಮುಗಳನ್ನೂ ಬೈಯುವುದು ಸುಲಭ. ಅಂಥ ಪ್ರಸಿದ್ಧ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಮಾತನ್ನು ತೆಗೆದುಹಾಕಿತು. ಅಡುಗೆಮನೆಯ ‘ಆದರೂ’ ಮಾತ್ರ ಹಾಗೆಯೇ ಉಳಿದಿದೆ.

ಹೀಗೆ ಬೆಳೆದ ಮಗು ದೊಡ್ಡವನಾಗಿ ಏನು ಮಾಡಬಲ್ಲದು? 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದವನೊಬ್ಬನ ಕಾರು ಹಾಯ್ದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅವಳಿಗೂ ಆ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸುಡಾನಿಗೂ ತಾಂಜಾನಿಯಕ್ಕೂ ನಡುವೆ ಬೇರೆ ದೇಶಗಳೇ ಇವೆ. ಗುಂಪಿಗೆ ಕಂಡದ್ದು ಬಣ್ಣವೊಂದೇ.

ಈಗ ಕಾವ್ಯದ ಮಿತಿಯನ್ನು ಹೇಳುತ್ತೇನೆ. ಜಗಳವನ್ನು ಅಷ್ಟು ನಿಶಿತವಾಗಿ ಕಂಡ ಕನಕದಾಸರು ತೀರ್ಪಿನಲ್ಲಿ ಸ್ವಲ್ಪ ಸಡಿಲಿದರೆಂದು ನನಗೆ ತೋರುತ್ತದೆ. ಬೈದದ್ದು ಮೊದಲು ಭತ್ತ, ಸೆರೆ ಇಬ್ಬರಿಗೂ. ರಾಗಿಯ ಮಾನ ಉಳಿದದ್ದು ಅದು ಆರು ತಿಂಗಳ ಸೆರೆಯನ್ನು ತಾಳಿಕೊಂಡದ್ದರಿಂದ. ತಾಳದೆ ಹೋಗಿದ್ದರೆ? ಬಡವರ ಹೊಟ್ಟೆ ತುಂಬಿಸಿದ ಪುಣ್ಯ ಆಗ ಲೆಕ್ಕಕ್ಕೆ ಬರುತ್ತಿರಲಿಲ್ಲವೇ? ಇನ್ನು ಬಹುಮಾನವೆಂದು ಸಿಕ್ಕಿದ್ದು ಅರಸುಮನೆತನದ ಹೆಸರು. ನರೆದಲೆಗ ಎಂಬ ಹಳೆಯ ಹೆಸರಿನಲ್ಲೇ ಅದನ್ನು ಗೌರವಿಸಬಹುದಿತ್ತು. ಕೀಳೆನಿಸಿಕೊಂಡವನು ಪರೀಕ್ಷೆ ಕೊಟ್ಟು ಗೆದ್ದರೆ ಮಾತ್ರ ಮನ್ನಣೆ ಎಂಬ ಈ ನ್ಯಾಯ ನಮಗೆ ಇಂದಿಗೂ ಬಹಳ ಪ್ರಿಯ. 1980ರ ದಶಕದ ಕೊನೆಯಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಟ್ಟಿತು. ಆಫ್ರಿಕದ ರಕ್ತವಿದೆ, ಪದಕ ತಂದಾರು ಎಂಬ ನಿರೀಕ್ಷೆ ಅದರ ಹಿಂದಿತ್ತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು ಕೂಡ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಕಾಡಿನ ಊರುಗಳಿಗೆ ಮರಳಿದರು. ಆ ಯೋಜನೆಯಲ್ಲಿ ದ್ವೇಷವಿರಲಿಲ್ಲ, ಹಿತಚಿಂತನೆಯೇ ಇತ್ತು. ಆದರೂ ಅಲ್ಲಿ ನೋಡಿದ್ದು ಮಕ್ಕಳನ್ನಲ್ಲ, ರಕ್ತವನ್ನು. ರಿಸ್ಲಿಯ ಮೂಗಿನ ಅಳತೆಗೂ ಇದಕ್ಕೂ ನೆಂಟಸ್ತಿಕೆಯಿದೆ.

ಇದರಿಂದ ಕಾವ್ಯದ ಬೆಲೆ ಕುಗ್ಗುವುದಿಲ್ಲ. ಅರಸರ ಕಾಲದಲ್ಲಿ, ಉತ್ತಮರ ಊಟದ ಎಲೆಯ ಮುಂದೆಯೇ ರಾಗಿಗೆ ನಾಲಿಗೆ ಕೊಟ್ಟ ಧೈರ್ಯ ಸಣ್ಣದಲ್ಲ. ಆ ನಾಲಿಗೆಯೂ ಭತ್ತದ ಬೈಗುಳವನ್ನೇ ಕೆಲವೆಡೆ ಕಲಿತುಕೊಂಡಿದೆ ಎಂಬುದನ್ನು ಮರೆಮಾಚದೆ ಬರೆದದ್ದು ಅವರ ಪ್ರಾಮಾಣಿಕತೆ.

ಬರುವ ಕನಕ ಜಯಂತಿಗೆ ನಿಮ್ಮ ಧರ್ಮಕೇಂದ್ರದ ಶಾಲೆಯಲ್ಲಿ ಮಕ್ಕಳಿಂದ ಈ ಪ್ರಸಂಗವನ್ನು ಆಡಿಸುವುದಾದರೆ ಒಂದು ಕೋರಿಕೆ. ತೀರ್ಪಿನ ದೃಶ್ಯಕ್ಕೆ ಬೇಕಾದರೆ ಕತ್ತರಿ ಹಾಕಿ; ಜಗಳವನ್ನು ಪೂರ್ತಿ ಇರಲು ಬಿಡಿ. ರಾಗಿಯ ಪಾತ್ರ ಯಾರಿಗಾದರೂ ಸಲ್ಲುತ್ತದೆ. ಭತ್ತದ ಪಾತ್ರವನ್ನು ಮಾತ್ರ ಚೆನ್ನಾಗಿ ಮಾತನಾಡಬಲ್ಲ ಮಗುವಿಗೆ ಕೊಡಿ. ಅದು ತನ್ನ ಹಿರಿಮೆಯನ್ನು ಒಂದೊಂದಾಗಿ ಹೇಳುತ್ತಿರುವಾಗ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರಾದ ನಾವು ಯಾವ ಯಾವ ಮಾತಿಗೆ ತಲೆದೂಗುತ್ತೇವೆ ಎಂಬುದನ್ನು ಹಿಂದೆ ನಿಂತ ಮಕ್ಕಳು ನೋಡಲಿ.